ಗಾಯವಿಲ್ಲದೆ ಊದುವ ಮೊಣಕಾಲು

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಹಿಮೋಫಿಲಿಯಾ ‘ಎ’. ಆಗಾಗ ಮೊಣಕಾಲು ಊದುತ್ತದೆ. ಬಿಸಿ ಎಣ್ಣೆ ತಿಕ್ಕು ಎನ್ನುತ್ತಾರೆ ಅತ್ತೆ. ನನ್ನಿಂದಲೇ ಬಂದ ಕಾಯಿಲೆಯಂತೆ, ನಿಜವೇ?

ಉತ್ತರ: ತಿಕ್ಕಬೇಡಿ ತಾಯಿ. ಅದು ಕೀಲಿನೊಳಗೆ ರಕ್ತ ಸೋರುತ್ತಿರುವ ಊತ. ಕೀಲು ಜುಮುಗುಟ್ಟುತ್ತಿದೆ, ಬಿಗಿಯಾಗಿದೆ ಎಂದು ಮಗ ಹೇಳಿದ ಕೂಡಲೇ, ಊದುವವರೆಗೆ ಕಾಯದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ 8 ಹಾಕಿಸಿ. ಅಲ್ಲಿಯವರೆಗೆ ಕಾಲಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸ್. ನೋವಿಗೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ. ಜ್ವರಕ್ಕೆಂದು ಯಾರಾದರೂ ಸೊಂಟಕ್ಕೆ ಇಂಜೆಕ್ಷನ್ ಕೊಡಲು ಬಂದರೆ ಕಾಯಿಲೆಯ ಹೆಸರು ಹೇಳಿ ತಡೆಯಿರಿ.

ಇನ್ನು, ನಿಮ್ಮಿಂದಲೇ ಬಂದದ್ದೇ ಎಂಬ ಪ್ರಶ್ನೆ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇದ್ದಿರುವುದಿಲ್ಲ. ನಿಮ್ಮಿಂದಲೇ ಬಂದಿದ್ದರೂ ಅದು ತಪ್ಪಲ್ಲ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಪದೇ ಪದೇ ಊದುತ್ತಿರುವುದರಿಂದ, ಸೋರುವ ಮುನ್ನವೇ ಕೊಡುವ ನಿಯಮಿತ ಚಿಕಿತ್ಸೆಯ ಬಗ್ಗೆ ರಕ್ತತಜ್ಞರನ್ನು ಈ ವಾರವೇ ಕೇಳಿ.