ಕಟ್ಟಡ ಕೆಡಹುವ ಯಂತ್ರದ ತೋಳು

1918ನೆಯ ಇಸವಿಯಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯು ಅಮೇರಿಕಾ ದೇಶದ ಇಂಡಿಯಾನಾ ಸಂಸ್ಥಾನಕ್ಕೆ ಸೇರಿದ ಬೆಡ್‌ಫರ್ಡ್ ಎಂಬಲ್ಲಿ ಸುಣ್ಣಕಲ್ಲು ಕಡಿಯುವವರ ಕೈಗಳನ್ನು ಪರೀಕ್ಷಿಸಿದರು. ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಯನ್ನು ಹಿಡಿದು ದುಡಿದ ಆ ಜನರ ಬೆರಳುಗಳು ಚಳಿಗೆ ರಕ್ತವಿಲ್ಲದೆ ಬಿಳುಪೇರಿ ಮರಗಟ್ಟುತ್ತಿದ್ದವು. ಮರುವರುಷವೇ ಈ ಮಹಿಳೆಯು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಥಮ ಅಧ್ಯಾಪಕಿಯಾದರೆಂಬದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಲಿ.

ಸುತ್ತಿಗೆಯು ಕಲ್ಲಿಗೆ ಕೊಟ್ಟ ಪೆಟ್ಟಿನಲ್ಲಿ ಒಂದು ಪಾಲು ಹಿಡಿದವನ ಕೈಗೆ ಹಿಂದಿರುಗುವದು. ಒನಕೆಯು ಒರಳಿನ ಅಂಚಿಗೆ ತಾಗಿದಾಗ ಅಂಗೈ ಹೇಗೆ ಜುಮ್ಮೆನ್ನುವದೆಂದು ನಮ್ಮ ಅಜ್ಜಿಯರು ಬಲ್ಲರು. ಹಳೆಯ ಕಾಂಕ್ರೀಟು ಕಟ್ಟಡವನ್ನು ಒಡೆಯುವವನಿಗೆ ಇದಲ್ಲದೆ ಶ್ವಾಸಕೋಶವನ್ನು ಕೆಡಿಸುವ ಧೂಳೂ ತಲೆಯ ಮೇಲೆ ಉರುಳಬಹುದಾದ ತುಂಡುಗಳೂ ಇರುತ್ತವೆ. ಆದುದರಿಂದ ಮನುಷ್ಯನನ್ನು ದೂರ ನಿಲ್ಲಿಸಿ, ಅವನ ತೋಳಿಗೆ ಬದಲಾಗಿ ಉಕ್ಕಿನ ತೋಳನ್ನು ಮುಂದೊಡ್ಡುವ ಯೋಚನೆ ಹುಟ್ಟಿತು. ಸ್ವೀಡನ್ ದೇಶದಲ್ಲಿ 1976ರಲ್ಲಿ ಬ್ರೊಕ್ ಎಂಬ ಇಂಥ ಯಂತ್ರವು ಹೊರಟಿತು. ಇಂದು ಬಾಗಿಲಲ್ಲಿ ನುಸುಳುವ ಸುಮಾರು 500 ಕಿಲೋಗ್ರಾಮಿನ ಯಂತ್ರದಿಂದ ಹಿಡಿದು ಹತ್ತು ಟನ್ನು ಮೀರಿದವುಗಳ ತನಕ ಇವೆ. ನಡಿಸುವವನು ಹೊಟ್ಟೆಯ ಮುಂದೆ ಸನ್ನೆಗೋಲುಗಳ ಪೆಟ್ಟಿಗೆಯನ್ನು ಕಟ್ಟಿಕೊಂಡು ದೂರದಿಂದಲೇ ತೋಳನ್ನು ಆಡಿಸುವನು.

ಅಂದರೆ, ಮನುಷ್ಯನ ಕೈ ತಾಳಲಾರದ ಪೆಟ್ಟನ್ನು ಇನ್ನು ಉಕ್ಕು ತಾಳಬೇಕು. ಅದನ್ನು ಬಲವಾಗಿ ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ತುಂಬಿದ ಕೊಡವನ್ನು ಸೊಂಟಕ್ಕೆ ಒರಗಿಸಿ ಒಂದು ಹರದಾರಿ ನಡೆಯುವವಳು, ಅದನ್ನೇ ಕೈ ನೀಡಿ ಹಿಡಿದು ಹತ್ತು ಹೆಜ್ಜೆ ಹೋಗಲಾರಳು. ಭಾರವು ಬದಲಾಗಲಿಲ್ಲ, ದೂರ ಬದಲಾಯಿತು. ತೋಳಿನ ತುದಿಯಲ್ಲಿ 200 ಕಿಲೋಗ್ರಾಮಿನ ಒಡೆಯುವ ಸುತ್ತಿಗೆ ಇದೆಯೆನ್ನೋಣ. ಅದು ಬುಡದ ಕೀಲಿನಿಂದ 4 ಮೀಟರು ದೂರವಿರಲಿ. ತೋಳನ್ನೆತ್ತುವ ಎಣ್ಣೆಯ ಸಿಲಿಂಡರು ಕೀಲಿನಿಂದ 20 ಸೆಂಟಿಮೀಟರು ಅಂತರದಲ್ಲಿ ಒತ್ತುವದಾದರೆ, ಅದು 4,000 ಕಿಲೋಗ್ರಾಮಿನಷ್ಟು ಒತ್ತಬೇಕಾಗುವದು. ತೋಳಿನ ಸ್ವಂತ ಭಾರದ ಲೆಕ್ಕ ಇದರಲ್ಲಿ ಸೇರಿಲ್ಲ.

ಈ ಸ್ವಂತ ಭಾರವೇ ದೊಡ್ಡ ತೊಡಕು. ಗೋಡೆಯಿಂದ ಚಾಚಿದ ತೊಲೆಯ ಬಲವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಚಾರಿಸಿದ್ದನು. ಅಂಥ ತೊಲೆಯ ದಪ್ಪವನ್ನು ಬದಲಿಸದೆ ಉದ್ದವನ್ನು ಇಮ್ಮಡಿಸಿದರೆ, ತುದಿಯ ಭಾರದಿಂದಾಗುವ ಬಾಗು ಎಂಟು ಮಡಿ, ಸ್ವಂತ ಭಾರದಿಂದಾಗುವ ಬಾಗು ಹದಿನಾರು ಮಡಿ ಹೆಚ್ಚುವದೆಂದು ಈಗ ನಾವು ಬಲ್ಲೆವು. ಹಾಗಾದರೆ ಉಕ್ಕನ್ನು ಎಲ್ಲಿ ಇಡಬೇಕು? ಬಿದಿರು ಇದಕ್ಕೆ ಉತ್ತರ ಹೇಳುತ್ತದೆ. ಬದಿಗೆ 10 ಸೆಂಟಿಮೀಟರಿನ ಗಟ್ಟಿ ಚೌಕ ಸರಳನ್ನು ತೆಗೆದುಕೊಳ್ಳಿರಿ. ಅಷ್ಟೇ ಉಕ್ಕಿನಿಂದ ಬದಿಗೆ 20 ಸೆಂಟಿಮೀಟರಿನ ಟೊಳ್ಳು ಪೆಟ್ಟಿಗೆಯನ್ನು ಮಾಡಿದರೆ ತಗಡು 13 ಮಿಲಿಮೀಟರು ದಪ್ಪ ಬರುವದು, ಬಾಗದಿರುವ ಶಕ್ತಿಯೋ ಏಳು ಮಡಿಯಾಗುವದು! ಈ ತೋಳುಗಳು ಪೆಟ್ಟಿಗೆಯ ಆಕಾರದಲ್ಲಿರುವದೂ ತುದಿಯ ಕಡೆಗೆ ಸಪುರವಾಗುವದೂ ಇದಕ್ಕಾಗಿಯೇ.

ಆದರೆ ಭಾರ ಹೊರುವ ಕ್ರೇನಿನ ತೋಳಿಗೂ ಒಡೆಯುವ ತೋಳಿಗೂ ಒಂದು ಭೇದವುಂಟು. ಸುತ್ತಿಗೆಯು ನಿಮಿಷಕ್ಕೆ 600 ಸಾರಿ ಹೊಡೆದರೆ ಗಂಟೆಗೆ 36,000 ಪೆಟ್ಟು, ನೂರು ಗಂಟೆಗಳಲ್ಲಿ 36 ಲಕ್ಷ. ಒಂದು ಪೆಟ್ಟಿಗೆ ಏನೂ ಆಗದ ಉಕ್ಕು ಲಕ್ಷಾಂತರ ಪೆಟ್ಟುಗಳಿಗೆ ದಣಿದು ಸೀಳುವದು. ಜರ್ಮನಿಯ ಆಗಸ್ಟ್ ವ್ಯೋಲರ್ ಎಂಬ ಇಂಜಿನಿಯರನು ಹತ್ತೊಂಭತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳ ಮೇಲೆ ಪ್ರಯೋಗ ನಡಿಸಿ ಇದನ್ನು ತೋರಿಸಿಕೊಟ್ಟನು. ಸೀಳು ಹೆಚ್ಚಾಗಿ ಬೆಸುಗೆಯಲ್ಲಿ ಅಥವಾ ಚೂಪಾದ ಮೂಲೆಯಲ್ಲಿ ಮೊದಲಾಗುವದು. ಆದುದರಿಂದ ಮೂಲೆಗಳನ್ನು ಉರುಟು ಮಾಡುವರು. ಮುಖ್ಯ ಬೆಸುಗೆಗಳನ್ನು ತೀರ ಮೇಲೆ ಕೆಳಗೆ ಇಡದೆ, ಎಳೆತವೂ ಒತ್ತೂ ಕಡಿಮೆಯಿರುವ ನಡುವಿಗೆ ಸರಿಸುವರು. ಪೆಟ್ಟಿನ ಲಯವು ತೋಳಿನ ಸ್ವಂತ ತೂಗಾಟಕ್ಕೆ ಸರಿಯಾಗಿ ಕೂಡಬಾರದು. ಕೂಡಿದರೆ ಹದವರಿತು ನೂಕಿದ ಉಯ್ಯಾಲೆಯಂತೆ ಕಂಪನವು ಏರುತ್ತಲೇ ಹೋಗುವದು. ತೋಳನ್ನು ಮಡಚಿದಾಗ ಒಂದು ಲಯ, ಚಾಚಿದಾಗ ಇನ್ನೊಂದು. ಈಗ ಗಣಕಯಂತ್ರದಲ್ಲಿ ತೋಳನ್ನು ಸಾವಿರಾರು ಚಿಕ್ಕ ತುಣುಕುಗಳನ್ನಾಗಿ ಭಾಗಿಸಿ, ಹಲವು ಭಂಗಿಗಳಲ್ಲಿ ಪ್ರತಿಯೊಂದು ತುಣುಕಿನ ಶ್ರಮವನ್ನು ಲೆಕ್ಕಿಸುವರು. ಒಳ್ಳೇ ಉಪಾಯವೇ ಸರಿ. ಆದರೆ ಲೆಕ್ಕಕ್ಕೆ ಕೊಟ್ಟ ಪೆಟ್ಟು ತಪ್ಪಾದರೆ ಬಂದ ಉತ್ತರವೂ ತಪ್ಪೇ.

ಇನ್ನು ಕಾಲುಗಳ ಮಾತು. ಚಾಚಿದ ತೋಳು ಯಂತ್ರವನ್ನೇ ಮಗುಚಿಹಾಕದಂತೆ ನಾಲ್ಕು ಕಾಲುಗಳನ್ನು ಅಗಲಕ್ಕೆ ಊರುವರು. ಒಟ್ಟು ಭಾರದ ಕೇಂದ್ರವು ಆ ಕಾಲುಗಳು ಸುತ್ತುವರಿದ ನೆಲದ ಮೇಲೆಯೇ ಇರಬೇಕು. ಮನುಷ್ಯನಿಗೆ ಉಳಿದಿರುವ ಅಪಾಯವೂ ಇಲ್ಲಿಯೇ ಅಡಗಿದೆ. ತುದಿಯು ಸರಿಯಾಗಿ ಕಾಣಲಿಲ್ಲವೆಂದು ನಡಿಸುವವನು ಹತ್ತಿರ ಬಂದರೆ, ಊರುವ ಕಾಲಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳಬಹುದು. ತೋಳು ಎಟಕುವ ಸುತ್ತಳತೆಯೊಳಗೆ ಹೋಗಬೇಕಾದಾಗ ಅವನು ಮೊದಲು ಯಂತ್ರದ ಶಕ್ತಿಯನ್ನು ನಿಲ್ಲಿಸಿ, ಆಮೇಲೆ ಹೆಜ್ಜೆಯಿಡತಕ್ಕದ್ದು.