ಕುರಿ ಗೊಡ್ಡಲ್ಲ, ಟಗರಿಗೆ ನೆರಳಿಲ್ಲ

ಮುಂಗಾರು ಬಿದ್ದು ಹುಲ್ಲು ಚಿಗುರಿದರೆ ನಮ್ಮ ಚಳ್ಳಕೆರೆ ಕಡೆ ಕುರಿಗಳು ಬೆದೆಗೆ ಬರುತ್ತವೆ. ಟಗರು ಹಾರುತ್ತದೆ. ಆದರೂ ಕೆಲವು ವರ್ಷ ಅರ್ಧ ಹಿಂಡು ಗಬ್ಬ ನಿಲ್ಲುವುದಿಲ್ಲ. ಆಗ ಬೈಸಿಕೊಳ್ಳೋದು ಕುರಿ. ಗೊಡ್ಡು ಅಂತ ಸಂತೆಗೆ ಹೊಡೆಯುತ್ತಾರೆ. ಮೂರು ಸೂಲು ಈದ ಒಳ್ಳೊಳ್ಳೆ ಕುರಿಗಳು ಹೀಗೆ ಕಟುಕರ ಪಾಲಾಗಿದ್ದನ್ನು ಕಂಡಿದ್ದೇನೆ. ಒಂದೆರಡು ನಿಲ್ಲದಿದ್ದರೆ ಕುರಿಯದೇ ದೋಷ ಇರಬಹುದು. ಅರ್ಧಕ್ಕರ್ಧ ನಿಲ್ಲದಿದ್ದರೆ ಟಗರನ್ನು ನೋಡಬೇಕು.

ಟಗರಿನ ಮೈಶಾಖ ಸುಮಾರು 39 ಡಿಗ್ರಿ. ಬೀಜಕ್ಕೆ ಅದಕ್ಕಿಂತ 4-6 ಡಿಗ್ರಿ ತಂಪು ಬೇಕು. ಅದಕ್ಕೇ ಅದು ಹೊಟ್ಟೆಯೊಳಗೆ ಇಲ್ಲ, ಹೊರಗೆ ಜೋತು ಬಿದ್ದಿದೆ. ಚಳಿಗೆ ಚೀಲ ಮೇಲಕ್ಕೆ ಸೇರುತ್ತದೆ, ಸೆಕೆಗೆ ಕೆಳಕ್ಕೆ ಇಳಿಯುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಎಷ್ಟು ಇಳಿದರೂ ತಂಪಾಗದು. ಕೆಳಗೆ ನೆಲವೂ ಕಾದಿರುತ್ತದಲ್ಲ! ಆಗ ತಯಾರಾಗುತ್ತಿರುವ ವೀರ್ಯಾಣು ಕೆಡುತ್ತವೆ.

ಮೋಸ ಇರೋದು ಇಲ್ಲೇ. ವೀರ್ಯಾಣು ಹುಟ್ಟಿ, ಬಲಿತು ಹೊರಬರಲು ಸುಮಾರು ಎರಡು ತಿಂಗಳು ಬೇಕು. ಮೇ ಬಿಸಿಲಿನ ಪೆಟ್ಟು ಜೂನ್-ಜುಲೈನಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಮಳೆ ಬಂದು ತಂಪಾಗಿರುತ್ತದೆ, ಬಿಸಿಲನ್ನು ಯಾರು ನೆನೆಸುತ್ತಾರೆ? ಟಗರಿನ ಹುರುಪಿಗೂ ಏನೂ ಕಮ್ಮಿ ಇರೋದಿಲ್ಲ. ಜೋರು ಜ್ವರ ಬಂದು ಎದ್ದ ಟಗರಿಗೂ ಇದೇ ಲೆಕ್ಕ.

ಆದ್ದರಿಂದ ಯುಗಾದಿಯಿಂದಲೇ ನೆರಳು ಬೇಕು. ನಾನು ಬೆಳಕು ಹರಿಯುವಾಗಲೇ ಮೇಯಲು ಬಿಟ್ಟು, 11 ಗಂಟೆಯೊಳಗೆ ಹುಣಸೆ ಮರದಡಿ ತರುತ್ತೇನೆ. ಮತ್ತೆ ಬಿಡೋದು 4ರ ಮೇಲೆ. ಕುಡಿಯಲು ನೀರು ಅಲ್ಲೇ. ಮರದ ನೆರಳಲ್ಲಿ ಗಾಳಿ ಆಡುತ್ತದೆ, ಅದಕ್ಕೆ ಸಮ ಬೇರೆ ಇಲ್ಲ. ತಗಡಿನ ಕೊಟ್ಟಿಗೆಯಾದರೆ ಮೇಲೆ ಜೋಳದ ದಂಟು ದಪ್ಪಗೆ ಹೊದಿಸಿ, ಪಕ್ಕ ತೆರೆದಿಡಿ. ಇಲ್ಲದಿದ್ದರೆ ಒಲೆಯೊಳಗೆ ಕೂಡಿದ ಹಾಗೆ. ಬಯಲಲ್ಲಿ ಕುರಿಗಳು ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ಹಾಕಿ ನಿಂತಿವೆ ಅಂದರೆ ನೆರಳಿಗೆ ಹೊತ್ತು ಮೀರಿದೆ ಅಂತಲೇ. ತುಪ್ಪಟ ಕತ್ತರಿಸುವಾಗ ಬೀಜದ ಚೀಲದ ಮೇಲಿನ ಕೂದಲನ್ನೂ ಹುಷಾರಾಗಿ ತೆಗೆಸಿ.

ಟಗರು ಕೆಲಸಕ್ಕೆ ಬರುತ್ತದೋ ಇಲ್ಲವೋ ನೋಡಲು ಖರ್ಚಿಲ್ಲದ ಉಪಾಯ ಇದೆ. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಅದರ ಎದೆಗೆ ಹಚ್ಚಿ. ಹಾರಿದ ಕುರಿಯ ಬೆನ್ನ ಹಿಂಭಾಗ ಕೆಂಪಾಗುತ್ತದೆ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. 15ನೇ ದಿನಕ್ಕೆ ಎದೆಯ ಬಣ್ಣ ಬದಲಿಸಿ, ನೀಲಿ ಹಚ್ಚಿ. ಕೆಂಪಾಗಿದ್ದ ಕುರಿಗಳಲ್ಲೇ ಬಹಳಷ್ಟು ಮತ್ತೆ ನೀಲಿಯಾದರೆ ತಡ ಮಾಡದೆ ಬೇರೆ ಟಗರು ಬಿಡಿ. ಇನ್ನೊಂದು ಸುತ್ತು ಕಾದರೆ ಮರಿ ಮತ್ತೆ 17 ದಿನ ಹಿಂದೆ ಬೀಳುತ್ತವೆ.

ಹಳೇ ಟಗರನ್ನು ಮಾರುವ ಅವಸರ ಬೇಡ. ಎರಡು ತಿಂಗಳು ತಂಪಲ್ಲಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬೀಜ ಕೈಗೆ ತೀರಾ ಮೆತ್ತಗೆ ಸಿಕ್ಕಿದರೆ, ಗಂಟು ಇದ್ದರೆ, ಒಂದು ಸಣ್ಣ ಒಂದು ದೊಡ್ಡ ಇದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಿ ತೀರ್ಮಾನ ಮಾಡಿ.