ಹಳೆಯ ಕಂಪ್ಯೂಟರ್ ಪೆಟ್ಟಿಗೆಗೆ ಹೊಸ ಬಣ್ಣ: ನಮ್ಮ ಕೈಯಿಂದಲೇ



ಈಗ ಎಷ್ಟೋ ಮನೆಗಳಲ್ಲಿ, ಕೆಲವು ಸಂಘಗಳಲ್ಲೂ ಒಂದು ಹಳೆಯ ಕಂಪ್ಯೂಟರ್ ಇರುತ್ತದೆ. ಲೆಕ್ಕ ಬರೆಯಲು, ಅರ್ಜಿ ಟೈಪ್ ಮಾಡಲು, ಮಕ್ಕಳ ಓದಿಗೆ ಅದು ಸಾಕು. ಆದರೆ ನೋಡಲು ಚೆನ್ನಾಗಿಲ್ಲ. ಬದಿಯ ತಗಡಿಗೆ ತುಕ್ಕು ಹಿಡಿದಿದೆ, ಎದುರಿನ ಪ್ಲಾಸ್ಟಿಕ್ ಹಳದಿಯಾಗಿದೆ. "ಗುಜರಿಗೆ ಹಾಕಿ ಹೊಸದು ತಗೊಳ್ಳೋಣ" ಅನ್ನುವವರು ಕೆಲವರು. "ಕರೆಂಟಿನ ಸಾಮಾನು, ಹೆಂಗಸರು ಮುಟ್ಟಬೇಡಿ" ಅನ್ನುವವರು ಇನ್ನು ಕೆಲವರು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಪೆಟ್ಟಿಗೆಯನ್ನು ನಾವೇ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು ಮತ್ತೆ ಜೋಡಿಸಬಹುದು. ಆದರೆ ನಮ್ಮ ಉಸಿರಿಗೂ ಜೀವಕ್ಕೂ ತೊಂದರೆಯಾಗದಂತೆ ಮಾಡಬೇಕು. ಈ ಪಾಠದ ಮುಖ್ಯ ವಿಷಯ ಅದೇ.

ಸ್ಪ್ರೇ ಡಬ್ಬಿ ಬಂದದ್ದು ಹೇಗೆ?

1949ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿ ಇದ್ದರು. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಕೊಳವೆಗಳಿಗೆ ಹಚ್ಚುವ ಅಲ್ಯೂಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ಅವರಿಗೆ ಸುಲಭದ ದಾರಿ ಬೇಕಿತ್ತು. ಸಿಂಪಡಿಸುವ ಡಬ್ಬಿಯಲ್ಲಿ ತುಂಬಿಸಿ ನೋಡಿ ಎಂದು ಸಲಹೆ ಕೊಟ್ಟವರು ಅವರ ಹೆಂಡತಿ ಬಾನಿ. ಹೀಗೆ ಸ್ಪ್ರೇ ಬಣ್ಣದ ಡಬ್ಬಿ ಹುಟ್ಟಿಕೊಂಡಿತು. ಡಬ್ಬಿ ಅಲುಗಿಸಿದಾಗ ಟಕಟಕ ಎನ್ನುವುದು ಒಳಗಿನ ಗುಂಡು. ತಳದಲ್ಲಿ ಕೂತ ಬಣ್ಣವನ್ನು ಕಲಸಲು ಅದನ್ನು ಹಾಕಿರುತ್ತಾರೆ.

ಮೊದಲು ಒಳಗೆ ನೋಡಿ

ಹೊರಗೆ ಥಳುಕು, ಒಳಗೆ ಹುಳುಕು ಆಗಬಾರದು. ಕಂಪ್ಯೂಟರ್ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ಬಣ್ಣಕ್ಕೆ ಹಣ ಹಾಕಿ. ಆಗಾಗ ತಾನೇ ಆಫ್ ಆಗುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಮೊದಲು ರಿಪೇರಿಯವರಿಗೆ ತೋರಿಸಿ.

ಬಿಚ್ಚುವ ಕ್ರಮ

1. ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು.

2. ಪ್ಲಗ್ ಕಿತ್ತ ಮೇಲೆ ಎದುರಿನ ಬಟನ್ ಒಮ್ಮೆ ಒತ್ತಿ. ಒಳಗೆ ಉಳಿದ ಅಲ್ಪಸ್ವಲ್ಪ ಕರೆಂಟು ಇಳಿಯಲು ಇದು ಸಹಾಯ ಮಾಡುತ್ತದೆ.

3. ಸಾಮಾನ್ಯವಾಗಿ ಹಿಂಬದಿಯಲ್ಲಿ ಒಂದೊಂದು ಬದಿಗೆ ಎರಡೆರಡು ಸ್ಕ್ರೂ ಇರುತ್ತವೆ. ಅವನ್ನು ತೆಗೆದು ತಗಡನ್ನು ಹಿಂದಕ್ಕೆ ಎಳೆದರೆ ಜಾರಿ ಬರುತ್ತದೆ. ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿಡಿ.

4. ಎದುರಿನ ಪ್ಲಾಸ್ಟಿಕ್ಕಿಗೆ ಬಟನ್ ಮತ್ತು ದೀಪದ ವಯರುಗಳು ಅಂಟಿಕೊಂಡಿರಬಹುದು. ರಪ್ಪನೆ ಎಳೆಯಬೇಡಿ. ವಯರು ಎಲ್ಲಿ ಸೇರಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆಮೇಲೆ ಬಿಡಿಸಿ.

ಒಳಗೆ ವಯರುಗಳ ಗೊಂಚಲು ಹೊರಟು ಬರುವ, ಫ್ಯಾನ್ ಇರುವ ಒಂದು ಕಬ್ಬಿಣದ ಡಬ್ಬ ಕಾಣುತ್ತದೆ. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸುವ ಪವರ್ ಸಪ್ಲೈ ಅದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ಕರೆಂಟು ಉಳಿದಿರಬಹುದು. ಅದನ್ನು ಎಂದೂ ಬಿಚ್ಚಬೇಡಿ, ಅದಕ್ಕೆ ಬಣ್ಣ ಹೊಡೆಯಲೂ ಬೇಡಿ. ಒಳಗಿನ ಚೌಕಟ್ಟೂ ಹಾಗೆಯೇ ಇರಲಿ. ಎರಡು ಬದಿಯ ತಗಡು, ಎದುರಿನ ಪ್ಲಾಸ್ಟಿಕ್, ಇಷ್ಟಕ್ಕೆ ಬಣ್ಣ ಬಂದರೆ ಪೆಟ್ಟಿಗೆ ಹೊಸದರಂತೆ ಕಾಣುತ್ತದೆ. ಬಿಚ್ಚಿದ ಕಂಪ್ಯೂಟರನ್ನು ಒಳಗಿನ ಕೋಣೆಯಲ್ಲಿ ಬಟ್ಟೆ ಮುಚ್ಚಿಡಿ.

ಅರ್ಧ ಕೆಲಸ ಉಜ್ಜುವುದರಲ್ಲೇ ಇದೆ

ಬಣ್ಣ ಸಿಪ್ಪೆಯಂತೆ ಎದ್ದು ಬರುವುದು ಹೆಚ್ಚಾಗಿ ಬಣ್ಣದ ತಪ್ಪಿನಿಂದಲ್ಲ. ಕೆಳಗಿನ ಜಿಡ್ಡು, ಧೂಳು, ತುಕ್ಕಿನಿಂದ. ಮೊದಲು ತಗಡನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ತುಕ್ಕು ಇರುವಲ್ಲಿ 220 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ. ಆಮೇಲೆ 400 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಹಳೆಯ ಬಣ್ಣದ ಹೊಳಪು ಹೋಗುವಷ್ಟು ತಿಕ್ಕಿ. ಒದ್ದೆ ಮಾಡಿ ಉಜ್ಜಿದರೆ ಧೂಳು ಗಾಳಿಗೆ ಏಳುವುದಿಲ್ಲ. ತೊಳೆದು ಪೂರ್ತಿ ಒಣಗಿಸಿ. ತುಕ್ಕು ತೆಗೆದು ಬರಿಯ ಕಬ್ಬಿಣ ಕಾಣುವಲ್ಲಿ ಮೆಟಲ್ ಪ್ರೈಮರ್ ಬೇಕೇಬೇಕು, ಇಲ್ಲವಾದರೆ ಒಂದೇ ಮಳೆಗಾಲಕ್ಕೆ ತುಕ್ಕು ಮತ್ತೆ ಮೇಲೆ ಬರುತ್ತದೆ.

ಪ್ಲಾಸ್ಟಿಕ್ಕಿನ ಹಳದಿ ಎಷ್ಟು ತೊಳೆದರೂ ಹೋಗುವುದಿಲ್ಲ, ಏಕೆಂದರೆ ಅದು ಕೊಳೆಯಲ್ಲ. ಬಿಸಿಲು, ಬಿಸಿ ತಗುಲಿ ಪ್ಲಾಸ್ಟಿಕ್ಕೇ ಹಾಗಾಗಿರುತ್ತದೆ. ಅದನ್ನು ಥಿನ್ನರಿನಿಂದ ಒರೆಸಬೇಡಿ, ಮೇಲ್ಮೈ ಕರಗುತ್ತದೆ. ಸೋಪುನೀರು, ನಯವಾದ ವಾಟರ್ ಪೇಪರ್ ಸಾಕು. ಪ್ಲಾಸ್ಟಿಕ್ಕಿಗೂ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ಬಣ್ಣವನ್ನೇ ಕೊಳ್ಳಿ.

ಬಣ್ಣ ಹೊಡೆಯುವಾಗ

ಮಳೆ ಇಲ್ಲದ, ಗಾಳಿ ಜೋರಿಲ್ಲದ ದಿನ ಆರಿಸಿಕೊಳ್ಳಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ತಗಡು ಕಾದು ಬಣ್ಣ ದೊರಗಾಗುತ್ತದೆ. ಅಂಗಳದ ನೆರಳು ಒಳ್ಳೆಯದು.

* ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಅಲುಗಿಸಿ. ಮೊದಲು ಹಳೆಯ ರಟ್ಟಿನ ಮೇಲೆ ಹೊಡೆದು ನೋಡಿ.
* ಡಬ್ಬಿಗೂ ತಗಡಿಗೂ ಒಂದು ಗೇಣು ಅಂತರ ಇರಲಿ.
* ತಗಡಿನ ಅಂಚಿನ ಹೊರಗಿನಿಂದ ಶುರುಮಾಡಿ, ಕೈ ನಿಲ್ಲಿಸದೆ ಸಾಗಿ, ಆಚೆ ಅಂಚು ದಾಟಿದ ಮೇಲೆ ಬಿಡಿ. ಕೈ ನಿಂತಲ್ಲಿ ಬಣ್ಣ ಇಳಿಯುತ್ತದೆ.
* ಮೊದಲನೆಯ ಕೋಟಿನಲ್ಲಿ ಹಳೆಯ ಬಣ್ಣ ಕಂಡರೂ ಪರವಾಗಿಲ್ಲ. ದಪ್ಪಗಿನ ಒಂದು ಕೋಟಿಗಿಂತ ತೆಳ್ಳಗಿನ ಮೂರು ಕೋಟು ಮೇಲು. ನಡುವೆ 10-15 ನಿಮಿಷ ಬಿಡಿ. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ.
* ತಗಡಿನ ಒಳಮೈಗೆ, ಸ್ಕ್ರೂ ಕೂರುವ ಜಾಗಕ್ಕೆ ಬಣ್ಣ ಬೇಡ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದರೆ ಅರ್ತಿಂಗ್ ಸರಿ ಇರುತ್ತದೆ. ಮಾಸ್ಕಿಂಗ್ ಟೇಪು ಅಂಟಿಸಿ ಮುಚ್ಚಿ.
* ಮುಗಿದ ಮೇಲೆ ಡಬ್ಬಿ ತಲೆಕೆಳಗೆ ಹಿಡಿದು, ಬರಿಯ ಗಾಳಿ ಬರುವ ತನಕ ಒತ್ತಿ. ಮೂತಿ ಕಟ್ಟಿಕೊಳ್ಳುವುದಿಲ್ಲ.

ಕೈಗೆ ಅಂಟದಿದ್ದರೂ ಅದು ಪೂರ್ತಿ ಒಣಗಿದೆ ಎಂದಲ್ಲ. ಒಂದು ದಿನ ಬಿಟ್ಟು ಜೋಡಿಸಿ.

ನಮ್ಮ ಉಸಿರು, ನಮ್ಮ ಮಕ್ಕಳ ಉಸಿರು

ಈ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ.

ಸ್ಪ್ರೇ ಬಣ್ಣದಲ್ಲಿ ಟಾಲ್ವಿನ್, ಕ್ಸೈಲಿನ್, ಅಸಿಟೋನ್‌ನಂಥ ದ್ರಾವಕಗಳಿರುತ್ತವೆ. ಇವು ಆವಿಯಾಗಿ ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಕೆಲಸ ನಿಲ್ಲಿಸಿ ಒಳ್ಳೆಯ ಗಾಳಿಗೆ ಬನ್ನಿ. ಸೆರಗು ಮೂಗಿಗೆ ಹಿಡಿದರೆ ಆವಿ ನಿಲ್ಲುವುದಿಲ್ಲ. ಕೊರೋನಾ ಕಾಲದ ಬಟ್ಟೆಯ ಮಾಸ್ಕಿನಿಂದಲೂ ಆಗದು. ಆವಿ ತಡೆಯಲು ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಒಂದು ಪೆಟ್ಟಿಗೆಗೆ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ದಿನವೂ ಮಾಡುವುದಿದ್ದರೆ ಆ ಮಾಸ್ಕ್ ಇಲ್ಲದೆ ಮಾಡಲೇಬೇಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ದಮ್ಮು ಇರುವವರು ಈ ಕೆಲಸದಿಂದ ದೂರ ಇರಲಿ. ಮಕ್ಕಳೂ ಹತ್ತಿರ ಸುಳಿಯಬಾರದು. ವಾಹನಗಳಿಗೆ ಹೊಡೆಯುವ, ಹಾರ್ಡನರ್ ಬೆರೆಸುವ ಬಣ್ಣವನ್ನು ಮನೆಯಲ್ಲಿ ಬಳಸಲೇಬಾರದು. ಅದರಲ್ಲಿರುವ ಐಸೊಸಯನೇಟ್‌ನಿಂದ ದಮ್ಮು ಅಂಟಿಕೊಳ್ಳಬಹುದು.

ಬೆಂಕಿಯ ವಿಷಯವೂ ಗೊತ್ತಿರಲಿ. ಹೆಚ್ಚಿನ ಡಬ್ಬಿಗಳಲ್ಲಿ ಬಣ್ಣವನ್ನು ಹೊರಗೆ ತಳ್ಳುವುದು ನಮ್ಮ ಅಡುಗೆ ಅನಿಲದಂಥ, ಬೇಗ ಹತ್ತಿಕೊಳ್ಳುವ ಅನಿಲ. ಒಲೆ, ದೀಪ, ಬೀಡಿ, ಸೊಳ್ಳೆ ಕಾಯಿಲ್ ಯಾವುದೂ ಹತ್ತಿರ ಇರಬಾರದು. ಡಬ್ಬಿಯನ್ನು ಬಿಸಿಲಿನಲ್ಲಿ ಇಡಬೇಡಿ. ಖಾಲಿಯಾದ ಡಬ್ಬಿಯನ್ನು ತೂತು ಮಾಡಬೇಡಿ, ಕಸದ ಬೆಂಕಿಗೂ ಹಾಕಬೇಡಿ, ಸಿಡಿಯುತ್ತದೆ.

ಗಾಳಿಗೆ ದಾರಿ ಮಾಡುವುದು

ಬಣ್ಣದ ಜೊತೆಗೆ ಪೆಟ್ಟಿಗೆಯಲ್ಲಿ ಒಂದು ಸುಧಾರಣೆಯನ್ನೂ ಮಾಡಬಹುದು. ಕಂಪ್ಯೂಟರಿನ ಒಳಗೆ ಬಿಸಿ ಹೆಚ್ಚಾದರೆ ಅದು ನಿಧಾನವಾಗುತ್ತದೆ. ಹಿಂಬದಿಯಲ್ಲಿ ಫ್ಯಾನ್ ಕೂರಿಸಲು ಖಾಲಿ ಜಾಗ ಇದೆಯೇ ನೋಡಿ. ಸಾಮಾನ್ಯ ಅಳತೆ 80 ಅಥವಾ 120 ಮಿ.ಮೀ., ಓಡುವುದು 12 ವೋಲ್ಟಿನಲ್ಲಿ. ತಣ್ಣನೆಯ ಗಾಳಿ ಎದುರು ಕೆಳಗಿನಿಂದ ಬಂದು ಬಿಸಿ ಗಾಳಿ ಹಿಂದೆ ಮೇಲಿನಿಂದ ಹೋಗಬೇಕು. ಫ್ಯಾನಿನ ಹತ್ತಿರ ಕಾಗದದ ಚೂರು ಹಿಡಿದರೆ ಗಾಳಿ ಯಾವ ಕಡೆಗೆ ಎಂದು ತಿಳಿಯುತ್ತದೆ.

ಬದಿಯ ತಗಡಿನಲ್ಲಿ ಹೊಸ ತೂತು ಬೇಕಿದ್ದರೆ, ಬಿಚ್ಚಿದ ತಗಡನ್ನಷ್ಟೇ ಗ್ರಿಲ್ ಕೆಲಸದವರಲ್ಲಿಗೆ ಒಯ್ದು ಕೊರೆಸಿ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ಮೊದಲು ಕೊರೆಯುವುದು, ಆಮೇಲೆ ಉಜ್ಜುವುದು, ಕೊನೆಗೆ ಬಣ್ಣ. ಕಬ್ಬಿಣದ ಒಂದು ಚೂರು ಒಳಗೆ ಬಿದ್ದರೂ ಶಾರ್ಟ್ ಆಗಿ ಕಂಪ್ಯೂಟರ್ ಕೆಡಬಹುದು.

ಇದರಲ್ಲಿ ಸಂಪಾದನೆ ಉಂಟೇ?

ಲೆಕ್ಕ ಹಾಕೋಣ. ಒಂದು ಬದಿಯ ತಗಡು ಸುಮಾರು 42 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಎಂದುಕೊಳ್ಳಿ. ಎರಡೂ ಸೇರಿ ಸುಮಾರು 3.6 ಚದರ ಅಡಿ. ಇಷ್ಟಕ್ಕೆ 400 ಮಿ.ಲೀ.ಯ ಒಂದು ಡಬ್ಬಿ ಸಾಕಾಗುತ್ತದೆ. ಈಗ ಕಬ್ಬಿಣದ ಕಪಾಟು ನೋಡಿ. ಎತ್ತರ ಆರೂವರೆ ಅಡಿ, ಅಗಲ ಮೂರು, ಆಳ ಒಂದೂವರೆ ಅಡಿ ಇದ್ದರೆ ಎದುರು ಮತ್ತು ಎರಡು ಬದಿ ಸೇರಿ 39 ಚದರ ಅಡಿ. ಹತ್ತು ಪಟ್ಟಿಗಿಂತ ಹೆಚ್ಚು! ಡಬ್ಬಿ ಡಬ್ಬಿ ತಂದು ಕಪಾಟಿಗೆ ಹೊಡೆದರೆ ಲಾಭ ಉಳಿಯುವುದಿಲ್ಲ. ಅಲ್ಲಿ ಬ್ರಷ್ ಮತ್ತು ಎನಾಮೆಲ್ ಬಣ್ಣವೇ ಸರಿ. ಸ್ಪ್ರೇ ಡಬ್ಬಿ ಸಣ್ಣ ಸಾಮಾನಿಗೆ: ಫ್ಯಾನಿನ ಜಾಲರಿ, ಕುರ್ಚಿಯ ಕಾಲು, ಹೊಲಿಗೆ ಮೆಷಿನಿನ ಸ್ಟ್ಯಾಂಡು.

ಹಳೆಯ ಕಪಾಟು, ತೊಟ್ಟಿಲು ಉಜ್ಜುವಾಗ ಇನ್ನೊಂದು ಎಚ್ಚರ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದರ ಧೂಳು ಮಕ್ಕಳ ಬುದ್ಧಿ ಬೆಳವಣಿಗೆಗೆ ಕೆಡುಕು. ಒಣ ಉಜ್ಜುವುದು ಬೇಡ. ಒದ್ದೆ ಮಾಡಿಯೇ ಉಜ್ಜಿ, ಕೈ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ.

ಕೊನೆಯ ಮಾತು

ಪೆಟ್ಟಿಗೆಯನ್ನು ಒಮ್ಮೆ ನಾವೇ ಬಿಚ್ಚಿ ಜೋಡಿಸಿದ ಮೇಲೆ ಅದರ ಮೇಲಿನ ಹೆದರಿಕೆ ಅರ್ಧ ಇಳಿಯುತ್ತದೆ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿದವಳಿಗೆ "ನೀನು ಮುಟ್ಟಬೇಡ" ಎಂದು ಯಾರೂ ಹೇಳಬೇಕಾಗಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ

1. ಕಂಪ್ಯೂಟರ್ ಪೆಟ್ಟಿಗೆಯಲ್ಲಿ ನಾವು ಎಂದೂ ಬಿಚ್ಚಬಾರದ ಭಾಗ ಯಾವುದು? ಏಕೆ?
2. ನಮ್ಮ ಸಂಘದಲ್ಲಿ ಸ್ಪ್ರೇ ಕೆಲಸದಿಂದ ಯಾರು ದೂರ ಇರಬೇಕು?
3. ಗುಜರಿಗೆ ಹಾಕಬೇಕೆಂದಿರುವ ಯಾವ ಸಾಮಾನುಗಳನ್ನು ಬಣ್ಣ ಕೊಟ್ಟು ಉಳಿಸಿಕೊಳ್ಳಬಹುದು? ಖರ್ಚು ಎಷ್ಟು, ಉಳಿತಾಯ ಎಷ್ಟು? ಪುಸ್ತಕದಲ್ಲಿ ಬರೆದು ನೋಡಿ.